ಅರಗಿನ ಮುದ್ರೆಯಿಂದ ಡಿಜಿಟಲ್ ಮುದ್ರೆಗೆ: ಹುಣಸೂರು ಸೀಮೆಯಲ್ಲಿ ಕಾಗದದ ಗುಟ್ಟು ಕಾಯ್ದ ಇತಿಹಾಸ

ಕಾಗದವನ್ನು ಯಾರೂ ಒಡೆಯದಂತೆ, ಬದಲಿಸದಂತೆ, ಸರಿಯಾದ ಕೈಗೇ ತಲುಪಿಸುವ ಏರ್ಪಾಡಿಗೆ ಮೈಸೂರು ಸೀಮೆಯಲ್ಲಿ ಮೂರು ಶತಮಾನಕ್ಕೂ ಮೀರಿದ ಇತಿಹಾಸವಿದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ (ಕೆ.ಆರ್. ನಗರ) ಮತ್ತು ಹೆಗ್ಗಡದೇವನಕೋಟೆ (ಎಚ್.ಡಿ. ಕೋಟೆ, ಬಳಕೆಯಲ್ಲಿ ಬರೀ ಕೋಟೆ) ತಾಲ್ಲೂಕುಗಳು ಈ ಇತಿಹಾಸದ ಎಲ್ಲ ಘಟ್ಟಗಳನ್ನೂ ಕಂಡಿವೆ. ಓಟದ ಆಳು, ಅರಗಿನ ಮುದ್ರೆಯ ಚೀಲ, ತಂತಿ, ಎಸ್‌ಟಿಡಿ ಬೂತ್, ಸೈಬರ್ ಸೆಂಟರ್ ಎಲ್ಲವೂ ಇಲ್ಲಿ ಬಂದವು. ಈಗ ಕಾಗದ ಕೈಯಲ್ಲಿನ ಮೊಬೈಲಿಗೇ ಬರುತ್ತದೆ. ಪ್ರತಿ ಘಟ್ಟದಲ್ಲೂ ಮೂರು ಪ್ರಶ್ನೆಗಳಿಗೆ ಉತ್ತರ ಬೇಕಾಗಿತ್ತು: ಮುದ್ರೆ ಒಡೆದಿದೆಯೇ, ತಂದವನು ತಾನು ಹೇಳಿಕೊಂಡವನೇ, ತಾರೀಖು ಸರಿಯಿದೆಯೇ. ಮೊಬೈಲಿನ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮರುದಿನ ಮೇಲ್ ಬರುವುದು ನಿಂತರೆ, ಬಹುಪಾಲು ಸಲ ಕಾರಣ ಸಿಗುವುದು ಈ ಮೂರರಲ್ಲೇ.

ಅಂಚೆಯ ಕಾಲ

ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ಮೈಸೂರು ರಾಜ್ಯದಲ್ಲಿ ಅಂಚೆಯ ಏರ್ಪಾಡನ್ನು ನೆಲೆಗೊಳಿಸಿದರು. ಗೊತ್ತಾದ ದೂರಕ್ಕೊಂದು ಠಾಣೆ, ಅಲ್ಲಿ ಕಾದಿರುವ ಆಳು, ಕೈಯಿಂದ ಕೈಗೆ ದಾಟುವ ಕಾಗದದ ಕಟ್ಟು ಇದರ ರೂಪ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಈ ಅಂಚೆಗೆ ಎರಡು ಕೆಲಸಗಳಿದ್ದವೆಂದು ತಿಳಿಸುತ್ತಾನೆ. ಕಾಗದ ಸಾಗಿಸುವುದು ಒಂದು, ಊರೂರಿನ ಗುಟ್ಟು ಸಂಗ್ರಹಿಸಿ ಅರಮನೆಗೆ ಒಪ್ಪಿಸುವುದು ಇನ್ನೊಂದು. ಅಂಚೆಯ ಅಧಿಕಾರಿಗಳು ದೊರೆಯ ನಂಬಿಕೆಯ ಮನುಷ್ಯರು. ಆ ಕಾಲದಲ್ಲಿ ಭದ್ರತೆಯೆಂದರೆ ರಾಜ್ಯದ ಭದ್ರತೆ. ಕಾಗದ ಬರೆದವನ ಗುಟ್ಟಿಗೆ ಹಕ್ಕಿನ ರಕ್ಷಣೆಯಿರಲಿಲ್ಲ.

ಗಡಿಯಂಚಿನ ಪಿರಿಯಾಪಟ್ಟಣಕ್ಕೆ ಈ ಸುದ್ದಿಯ ದಾರಿ ಬಹಳ ಮುಖ್ಯವಾಗಿತ್ತು. ಮಲಬಾರ್ ಕರಾವಳಿಯಿಂದ ಕೊಡಗಿನ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ಬರುವ ಸೇನೆ ಮೊದಲು ಎದುರಾಗುವುದು ಇಲ್ಲಿನ ಕೋಟೆಗೆ. 1791ರಲ್ಲಿ ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ಸೇನೆ ಇದೇ ದಾರಿಯಲ್ಲಿ ಬಂತು. 1799ರ ಮಾರ್ಚ್ 6ರಂದು ಪಿರಿಯಾಪಟ್ಟಣದ ಪಶ್ಚಿಮಕ್ಕೆ, ಕೊಡಗಿನ ಗಡಿಯ ಸಿದ್ದೇಶ್ವರದ ಬಳಿ ಟಿಪ್ಪು ಸುಲ್ತಾನನ ಪಡೆಗೂ ಈಸ್ಟ್ ಇಂಡಿಯಾ ಕಂಪನಿಯ ಪಡೆಗೂ ಯುದ್ಧ ನಡೆಯಿತು. ಗಡಿಯ ಸುದ್ದಿ ರಾಜಧಾನಿಗೆ ಎಷ್ಟು ಬೇಗ ಮುಟ್ಟುತ್ತದೆ, ದಾರಿಯಲ್ಲಿ ಅದನ್ನು ಯಾರು ಓದುತ್ತಾರೆ ಎಂಬುದು ರಾಜ್ಯದ ಅಳಿವು ಉಳಿವಿನ ವಿಷಯವಾಗಿತ್ತು.

1799ರಲ್ಲಿ ಟಿಪ್ಪುವಿನ ಆಳ್ವಿಕೆ ಮುಗಿದ ಬಳಿಕವೂ ಮೈಸೂರಿನ ಅಂಚೆ ಉಳಿಯಿತು. ಮುಂದೆ ಸಾರ್ವಜನಿಕರ ಕಾಗದಗಳಿಗೂ ತೆರೆದುಕೊಂಡಿತು. 1834ರಲ್ಲಿ ಕೊಡಗು ನೇರವಾಗಿ ಬ್ರಿಟಿಷರ ಆಡಳಿತಕ್ಕೆ ಸೇರಿತು. ಹುಣಸೂರು ಅಮೃತಮಹಲ್ ದನಗಳ ಕೇಂದ್ರವಾಗಿ, ಕಂಪನಿ ಸೇನೆಗೆ ಚರ್ಮದ ಸಾಮಾನು ಒದಗಿಸುವ ಊರಾಗಿ ಬೆಳೆದಿತ್ತು. ಹಾಗಾಗಿ ಈ ಭಾಗದಲ್ಲಿ ಬ್ರಿಟಿಷ್ ಟಪಾಲು, ಮೈಸೂರಿನ ಅಂಚೆ ಎಂಬ ಎರಡು ವ್ಯವಸ್ಥೆಗಳು ಒಟ್ಟೊಟ್ಟಿಗೆ ನಡೆದವು. ಎರಡಕ್ಕೂ ಬೇರೆ ಬೇರೆ ಕಟ್ಟಳೆ, ಬೇರೆ ಬೇರೆ ಲೆಕ್ಕ. 1889ರಲ್ಲಿ ಮೈಸೂರಿನ ಅಂಚೆಯನ್ನು ಬ್ರಿಟಿಷ್ ಭಾರತದ ಅಂಚೆ ಇಲಾಖೆಯಲ್ಲಿ ವಿಲೀನಗೊಳಿಸಿದ ಮೇಲೆ ಕಳಿಸುವ ಕಚೇರಿಗೂ ಪಡೆಯುವ ಕಚೇರಿಗೂ ಒಂದೇ ನಿಯಮ ಅನ್ವಯವಾಯಿತು.

ಚೀಲ, ಅರಗು, ಮೊಹರು

ಹೊಸ ವ್ಯವಸ್ಥೆಯಲ್ಲಿ ಗುಟ್ಟು ಕಾಯುವುದು ದಿನನಿತ್ಯದ ಕಚೇರಿ ಕ್ರಮವಾಯಿತು. ಕಾಗದಗಳನ್ನು ಚೀಲಕ್ಕೆ ತುಂಬಿ, ಬಾಯಿಗೆ ಹುರಿ ಬಿಗಿದು, ಗಂಟಿನ ಮೇಲೆ ಅರಗು ಕರಗಿಸಿ ಕಚೇರಿಯ ಮುದ್ರೆ ಒತ್ತುತ್ತಿದ್ದರು. ಯಾವ ಕಚೇರಿಯಿಂದ ಯಾವ ಕಚೇರಿಗೆ ಎಂಬ ಚೀಟಿ ಕಟ್ಟುತ್ತಿದ್ದರು. ಪ್ರತಿ ಕಾಗದಕ್ಕೂ ತಾರೀಖಿನ ಮೊಹರು ಬೀಳುತ್ತಿತ್ತು. ಚೀಲ ಪಡೆದ ಕಚೇರಿಯವರು ಮೊದಲು ಅರಗು ಬಿರಿದಿದೆಯೇ, ಮುದ್ರೆ ಆ ಕಚೇರಿಯದೇ ಹೌದೇ ಎಂದು ನೋಡಬೇಕಿತ್ತು. ಅನುಮಾನ ಬಂದರೆ ಚೀಲವನ್ನು ಸುಮ್ಮನೆ ಒಳಗಿಟ್ಟುಕೊಳ್ಳುವಂತಿರಲಿಲ್ಲ. ದೋಷವನ್ನು ಬರೆದು ತಿಳಿಸಬೇಕಿತ್ತು.

1898ರ ಭಾರತೀಯ ಅಂಚೆ ಕಾಯ್ದೆ ಈ ಕ್ರಮಕ್ಕೆ ಕಾನೂನಿನ ಬಲ ಕೊಟ್ಟಿತು. ಅಂಚೆಯ ನೌಕರ ಕಾಗದ ಒಡೆದರೆ ಅಥವಾ ಬಚ್ಚಿಟ್ಟರೆ ಅದು ಶಿಕ್ಷೆಗೆ ಗುರಿಯಾಗುವ ಅಪರಾಧವಾಯಿತು. ಅದೇ ಕಾಯ್ದೆಯ 26ನೇ ಕಲಮು ಸಾರ್ವಜನಿಕ ತುರ್ತಿನಂಥ ಸಂದರ್ಭಗಳಲ್ಲಿ ಕಾಗದಗಳನ್ನು ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಉಳಿಸಿತು. ಕಾಗದದ ಗುಟ್ಟಿಗೂ ರಾಜ್ಯದ ಅಧಿಕಾರಕ್ಕೂ ನಡುವಿನ ಈ ಜಗ್ಗಾಟ ಇಂದಿಗೂ ಮುಗಿದಿಲ್ಲ. ಆ ಕಾಯ್ದೆಯ ಜಾಗಕ್ಕೆ ಬಂದ 2023ರ ಅಂಚೆ ಕಚೇರಿ ಕಾಯ್ದೆಯಲ್ಲೂ ತಡೆಯುವ ಅಧಿಕಾರ ಉಳಿದಿದೆ.

ಈ ನಾಲ್ಕು ತಾಲ್ಲೂಕುಗಳ ಪೈಕಿ ರೈಲು ಬಂದದ್ದು ಒಂದಕ್ಕೆ ಮಾತ್ರ. ಮೈಸೂರು–ಅರಸೀಕೆರೆ ಮಾರ್ಗ ಇಂದಿನ ಕೆ.ಆರ್. ನಗರದ ಮೂಲಕ ಹಾಯ್ದುಹೋಗುತ್ತದೆ. ಉಳಿದ ಮೂರರಲ್ಲಿ ಚೀಲ ಸಾಗಿದ್ದು ಕಾಲ್ನಡಿಗೆ, ಗಾಡಿ, ಆಮೇಲೆ ಬಸ್ಸುಗಳಲ್ಲಿ. ಕೋಟೆ ತಾಲ್ಲೂಕಿನ ಕಾಕನಕೋಟೆಯ ಕಾಡಿನ ಕಡೆಗೆ ಕಾಗದ ಹೊತ್ತವನಿಗೆ ಆನೆಯ ಭಯವೂ ಮಳೆಗಾಲದ ಹೊಳೆಯ ಭಯವೂ ಇದ್ದವು. ಅರಗಿನ ಮುದ್ರೆ ಕಳ್ಳನಿಂದ ಕಾಪಾಡೀತು, ಹೊಳೆಯಿಂದ ಕಾಪಾಡಲಾರದು. ದಾರಿ ಮುಚ್ಚಿದ್ದರಿಂದ ಬಾರದ ಕಾಗದ ಬೇರೆ, ಮುದ್ರೆ ಒಡೆದದ್ದರಿಂದ ತಡೆದ ಕಾಗದ ಬೇರೆ. ಈ ಎರಡನ್ನು ಬಿಡಿಸಿ ನೋಡುವುದು ಅಂದಿನ ಅಂಚೆಗೂ ಇಂದಿನ ಇಮೇಲಿಗೂ ಸಮಾನವಾದ ಮೊದಲ ಪಾಠ.

ವಿಳಾಸಗಳೂ ಇಲ್ಲಿ ಸ್ಥಿರವಾಗಿ ನಿಂತಿಲ್ಲ. ಕಾವೇರಿ ದಡದ ಎಡತೊರೆ ಪ್ರವಾಹಕ್ಕೆ ತುತ್ತಾಗುತ್ತಿದ್ದುದರಿಂದ 1920ರ ದಶಕದ ಮಹಾಪೂರದ ಬಳಿಕ ಎತ್ತರದ ನೆಲದಲ್ಲಿ ಹೊಸ ಪಟ್ಟಣ ಕಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಎಡತೊರೆ ತಾಲ್ಲೂಕು ಕೃಷ್ಣರಾಜನಗರ ತಾಲ್ಲೂಕಾಯಿತು. 1970ರ ದಶಕದಲ್ಲಿ ಕಬಿನಿ ಜಲಾಶಯ ತುಂಬಿದಾಗ ಕೋಟೆ ತಾಲ್ಲೂಕಿನ ಹಲವು ಹಳ್ಳಿಗಳು ಮುಳುಗಿ ಬೇರೆಡೆ ನೆಲೆಗೊಂಡವು. 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂತು: ಹುಣಸೂರಿಗೆ 571105, ಪಿರಿಯಾಪಟ್ಟಣಕ್ಕೆ 571107, ಎಚ್.ಡಿ. ಕೋಟೆಗೆ 571114, ಕೆ.ಆರ್. ನಗರಕ್ಕೆ 571602. ಊರಿನ ಹೆಸರು ಬದಲಾದಾಗ, ಹೊಸ ಅಂಕೆ ಬಂದಾಗ ಕಳಿಸುವವನ ವಿಳಾಸದ ಪುಸ್ತಕವೂ ಬದಲಾಗಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಉಳಿದರೆ ಕಾಗದ ಅಲೆಯುತ್ತದೆ.

ತಂತಿ, ಬೂತ್, ಸೈಬರ್ ಸೆಂಟರ್

ತಂತಿ ವೇಗವನ್ನು ತಂದಿತು, ಗುಟ್ಟನ್ನು ಕಳೆಯಿತು. ತಂತಿಯ ಒಕ್ಕಣೆಯನ್ನು ಎರಡೂ ಕಡೆಯ ನೌಕರರು ಓದಲೇಬೇಕಿತ್ತು. ಗುಟ್ಟು ಉಳಿಯಬೇಕಾದ ವ್ಯಾಪಾರಿಗಳು, ಅಧಿಕಾರಿಗಳು ಸಂಕೇತದ ಮಾತುಗಳನ್ನು ಬಳಸುತ್ತಿದ್ದರು. ದೇಶದಲ್ಲಿ ತಂತಿ ಸೇವೆ 2013ರ ಜುಲೈಯಲ್ಲಿ ಕೊನೆಗೊಂಡಿತು.

ಹಳ್ಳಿಗೆ ಫೋನು ಬರಲು ಕರ್ನಾಟಕದಲ್ಲೇ ನಡೆದ ಒಂದು ಪ್ರಯೋಗ ದಾರಿ ತೆರೆಯಿತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹವಾನಿಯಂತ್ರಣ ಬೇಡದ, ಧೂಳು ಬಿಸಿಲು ತಡೆಯುವ ಸಣ್ಣ ಗ್ರಾಮೀಣ ವಿನಿಮಯ ಕೇಂದ್ರವನ್ನು ರೂಪಿಸಿ, 1986ರಲ್ಲಿ ಕಿತ್ತೂರಿನಲ್ಲಿ ಮೊದಲ ಬಾರಿಗೆ ಸ್ಥಾಪಿಸಿತು. ಮುಂದಿನ ದಶಕದಲ್ಲಿ ತಾಲ್ಲೂಕು ಪಟ್ಟಣಗಳ ಬಸ್ ನಿಲ್ದಾಣದ ಸುತ್ತ ಹಳದಿ ಫಲಕದ ಎಸ್‌ಟಿಡಿ ಬೂತ್‌ಗಳು ಎದ್ದವು. ಬೂತಿನ ಗಾಜಿನ ಬಾಗಿಲು ಮಾತಿನ ಗುಟ್ಟಿಗೆ ಸಿಕ್ಕ ರಕ್ಷಣೆ. ಅವೇ ಅಂಗಡಿಗಳು ಮುಂದೆ ಜೆರಾಕ್ಸ್, ಡಿಟಿಪಿ, ಸೈಬರ್ ಸೆಂಟರ್, ಕೊನೆಗೆ ಮೊಬೈಲ್ ರೀಚಾರ್ಜ್ ಅಂಗಡಿಗಳಾಗಿ ಬದಲಾದ ನಿದರ್ಶನಗಳು ಕರ್ನಾಟಕದ ಪ್ರತಿ ಪೇಟೆಯಲ್ಲೂ ಇವೆ.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. 1996ರ ಜುಲೈಯಲ್ಲಿ ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ ಹಾಟ್‌ಮೇಲ್ ಆರಂಭಿಸಿದರು. ಸ್ವಂತ ಕಂಪ್ಯೂಟರ್ ಇಲ್ಲದವನೂ ಗಂಟೆಗಿಷ್ಟು ಎಂದು ಹಣ ತೆತ್ತು, ಯಾವ ಊರಿನ ಸೈಬರ್ ಸೆಂಟರಿನಲ್ಲಾದರೂ ತನ್ನ ಮೇಲ್ ನೋಡಬಹುದಾಯಿತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೂ ಹುಣಸೂರು ತಾಲ್ಲೂಕಿನ ಗುರುಪುರಕ್ಕೂ ಇದು ದೊಡ್ಡ ಬದಲಾವಣೆ. ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ, ಗುರುಪುರದಲ್ಲಿ 1970ರ ದಶಕದಲ್ಲಿ ಟಿಬೆಟನ್ ವಸತಿಗಳು ನೆಲೆಗೊಂಡವು. ನಮ್ಡ್ರೋಲಿಂಗ್, ಸೇರಾ, ಗ್ಯುಮೆ ವಿಹಾರಗಳ ಭಿಕ್ಷುಗಳಿಗೂ ವಸತಿಯ ಸಂಸಾರಗಳಿಗೂ ನೇಪಾಳ, ಯುರೋಪ್, ಅಮೆರಿಕಗಳಲ್ಲಿ ಹರಡಿದ ಬಂಧುಗಳಿದ್ದಾರೆ. ವಾರಗಟ್ಟಲೆ ಹಾದಿ ಕಾಯಿಸುತ್ತಿದ್ದ ಏರೋಗ್ರಾಮಿನ ಸುದ್ದಿ ಇಮೇಲಿನಲ್ಲಿ ನಿಮಿಷದಲ್ಲಿ ತಲುಪತೊಡಗಿತು.

ಇಮೇಲಿಗೆ ಮುದ್ರೆ ಬಂದ ಬಗೆ

ಆರಂಭದ ಇಮೇಲಿಗೆ ಮುದ್ರೆ ಇರಲಿಲ್ಲ. ಮೇಲ್ ಕಳಿಸುವ ಎಸ್‌ಎಂಟಿಪಿ ನಿಯಮಾವಳಿ 1982ರಲ್ಲಿ ರೂಪುಗೊಂಡಾಗ ಜಾಲದಲ್ಲಿದ್ದವು ಒಂದನ್ನೊಂದು ಬಲ್ಲ ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು. ಕಾಗದದ ಒಕ್ಕಣೆ, ಮೇಲ್ ತೆಗೆಯುವ ಪಾಸ್‌ವರ್ಡ್ ಎರಡೂ ತೆರೆದ ಅಕ್ಷರಗಳಲ್ಲೇ ಸಾಗುತ್ತಿದ್ದವು. ನಡುವಿನ ಯಾವ ಯಂತ್ರದ ಮೇಲ್ವಿಚಾರಕನಾದರೂ ಓದಬಹುದಿತ್ತು.

ನೆಟ್‌ಸ್ಕೇಪ್ ಕಂಪನಿ ದಾರಿಯಲ್ಲಿ ಸಾಗುವ ಅಕ್ಷರಗಳಿಗೆ ಮುಸುಕು ಹಾಕುವ ಎಸ್‌ಎಸ್‌ಎಲ್ ನಿಯಮಾವಳಿಯ 2.0 ಆವೃತ್ತಿಯನ್ನು 1995ರಲ್ಲಿ, 3.0 ಆವೃತ್ತಿಯನ್ನು ಮರುವರ್ಷ ಹೊರತಂದಿತು. ಅದರ ಉತ್ತರಾಧಿಕಾರಿಯಾದ ಟಿಎಲ್‌ಎಸ್ 1.0 ಜಾರಿಯಾದದ್ದು 1999ರಲ್ಲಿ. ಅದೇ ವರ್ಷ ಮೇಲ್ ಕಳಿಸುವ, ಪಡೆಯುವ ನಿಯಮಾವಳಿಗಳಿಗೂ ಈ ರಕ್ಷಣೆಯನ್ನು ಜೋಡಿಸುವ ಕ್ರಮ ಪ್ರಕಟವಾಯಿತು. ಟಿಎಲ್‌ಎಸ್ 1.1 ಬಂದದ್ದು 2006ರಲ್ಲಿ, 1.2 ಬಂದದ್ದು 2008ರಲ್ಲಿ, 1.3 ಬಂದದ್ದು 2018ರಲ್ಲಿ.

ಕೆಲಸದ ಕ್ರಮ ಹೀಗಿದೆ. ಫೋನು ಮೇಲ್ ಸರ್ವರನ್ನು ಕರೆದಾಗ ತನಗೆ ಗೊತ್ತಿರುವ ಟಿಎಲ್‌ಎಸ್ ಆವೃತ್ತಿಗಳನ್ನು ತಿಳಿಸುತ್ತದೆ. ಸರ್ವರ್ ಇಬ್ಬರಿಗೂ ಹೊಂದುವ ಒಂದನ್ನು ಆರಿಸಿ ತನ್ನ ಪ್ರಮಾಣಪತ್ರವನ್ನು ಮುಂದಿಡುತ್ತದೆ. ಪ್ರಮಾಣಪತ್ರದಲ್ಲಿ ಸರ್ವರಿನ ಹೆಸರು, ಯಾವ ದಿನದಿಂದ ಯಾವ ದಿನದವರೆಗೆ ಸಲ್ಲುತ್ತದೆ ಎಂಬ ಅವಧಿ, ಅದನ್ನು ಕೊಟ್ಟ ಪ್ರಾಧಿಕಾರದ ಡಿಜಿಟಲ್ ಸಹಿ ಇರುತ್ತವೆ. ನಂಬಬಹುದಾದ ಮೂಲ ಪ್ರಾಧಿಕಾರಗಳ ಪಟ್ಟಿ ಫೋನಿನೊಳಗೇ ಇದೆ. ಹೆಸರು ಹೊಂದಬೇಕು, ಅವಧಿ ಮುಗಿದಿರಬಾರದು, ಸಹಿಯ ಸರಪಳಿ ಪಟ್ಟಿಯಲ್ಲಿನ ಒಂದು ಮೂಲಕ್ಕೆ ಮುಟ್ಟಬೇಕು. ಹೀಗೆ ಒಪ್ಪಿದ ಬಳಿಕವೇ ಇಬ್ಬರ ನಡುವೆ ಸಿದ್ಧವಾದ ಗುಟ್ಟಿನ ಕೀಲಿಯಿಂದ ಪಾಸ್‌ವರ್ಡೂ ಕಾಗದವೂ ಮುಸುಕಿನಲ್ಲಿ ಸಾಗುತ್ತವೆ. ಅರಗು, ಕಚೇರಿಯ ಮುದ್ರೆ, ತಾರೀಖಿನ ಮೊಹರು ಮೂರೂ ಮಾಡುತ್ತಿದ್ದ ಕೆಲಸವನ್ನು ಈ ಪರೀಕ್ಷೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಮಾಡಿ ಮುಗಿಸುತ್ತದೆ. ಒಂದು ಮಿತಿಯನ್ನು ನೆನಪಿಡಬೇಕು: ಇದು ಕಾಯುವುದು ದಾರಿಯನ್ನು. ಸರ್ವರಿನೊಳಗೆ ಕಾಗದವನ್ನು ಅದನ್ನು ನಡೆಸುವವರು ಓದದಂತೆ ತಡೆಯಲು ಬೇರೆಯೇ ವಿಧಾನ ಬೇಕು.

ಪ್ರಮಾಣಪತ್ರ ಕೊಡುವವನೇ ಎಡವಿದರೆ ಏನಾದೀತು ಎಂಬುದಕ್ಕೆ ಉದಾಹರಣೆಗಳಿವೆ. 2011ರಲ್ಲಿ ನೆದರ್ಲೆಂಡ್ಸಿನ ಡಿಜಿನೋಟಾರ್ ಪ್ರಾಧಿಕಾರಕ್ಕೆ ಕನ್ನ ಬಿದ್ದು, ಗೂಗಲ್ ಹೆಸರಿನ ಖೋಟಾ ಪ್ರಮಾಣಪತ್ರ ಇರಾನಿನ ಬಳಕೆದಾರರ ಮೇಲೆ ಬಳಕೆಯಾಯಿತು, ಸಂಸ್ಥೆ ದಿವಾಳಿಯಾಯಿತು. ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ 2000 ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟು ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರ ಹುದ್ದೆಯನ್ನು ಸೃಷ್ಟಿಸಿತ್ತು. 2014ರ ಜುಲೈಯಲ್ಲಿ ಆ ವ್ಯವಸ್ಥೆಯಡಿಯ ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರಿನ ಪ್ರಾಧಿಕಾರದಿಂದ ಗೂಗಲ್ ವಿಳಾಸಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದದ್ದು ಪತ್ತೆಯಾಗಿ, ನಿಯಂತ್ರಕರು ಅದರ ಮಧ್ಯಂತರ, ಅಂದರೆ ಮೂಲಕ್ಕೂ ಸರ್ವರಿಗೂ ನಡುವಿನ ಕೊಂಡಿಯಾದ, ಪ್ರಮಾಣಪತ್ರಗಳನ್ನು ರದ್ದುಪಡಿಸಿದರು. ನಂಬುವವರ ಪಟ್ಟಿಯನ್ನು ಆಗಾಗ ತಿದ್ದಬೇಕಾದ ಅಗತ್ಯ ಇಂಥ ಪ್ರಕರಣಗಳಿಂದ ಹುಟ್ಟಿದೆ. ತಿದ್ದಿದ ಪಟ್ಟಿ ಫೋನಿಗೆ ತಲುಪುವುದು ಅಪ್‌ಡೇಟಿನ ಮೂಲಕ.

ಅಂಗೈಗೆ ಬಂದ ಅಂಚೆ

2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದ ಮೇಲೆ ಡೇಟಾ ದರ ಕುಸಿಯಿತು. ಹುಣಸೂರು, ಪಿರಿಯಾಪಟ್ಟಣಗಳ ತಂಬಾಕು ಬೆಳೆಗಾರ, ಕೆ.ಆರ್. ನಗರದ ಭತ್ತದ ವ್ಯಾಪಾರಿ, ಕೋಟೆಯ ಶಾಲಾ ಶಿಕ್ಷಕ ಎಲ್ಲರ ಕೈಗೂ ಆಂಡ್ರಾಯ್ಡ್ ಫೋನು ಬಂತು. ಬ್ಯಾಂಕಿನ ಪತ್ರ, ಪರೀಕ್ಷೆಯ ಪ್ರವೇಶಪತ್ರ, ಇಲಾಖೆಯ ಸುತ್ತೋಲೆ, ಪಾಸ್‌ವರ್ಡ್ ಬದಲಿಸುವ ಕೊಂಡಿ ಇವು ಮೇಲಿಗೇ ಬರುತ್ತವೆ. ಹರಟೆ ವಾಟ್ಸ್‌ಆ್ಯಪಿಗೆ ಹೋದರೂ ದಾಖಲೆಯಾಗಿ ನಿಲ್ಲಬೇಕಾದದ್ದು ಇಮೇಲಿನಲ್ಲೇ ಉಳಿಯಿತು. ಅಂಚೆ ಇಲಾಖೆಯೂ ಇದೇ ಹಾದಿ ಹಿಡಿಯಿತು: 2017ರ ಡಿಸೆಂಬರಿನಲ್ಲಿ ಆರಂಭವಾದ ದರ್ಪಣ್ ಯೋಜನೆಯಡಿ ದೇಶದ ಸುಮಾರು 1.29 ಲಕ್ಷ ಗ್ರಾಮೀಣ ಶಾಖಾ ಅಂಚೆ ಕಚೇರಿಗಳಿಗೆ ಸಿಮ್ ಇರುವ, ಸೌರಶಕ್ತಿಯ ನೆರವಿನ ಕೈಯಂತ್ರ ಕೊಡುವ ಗುರಿ ಇಟ್ಟುಕೊಂಡಿತು.

ಅಪ್‌ಡೇಟ್ ಮುರಿದದ್ದು ಏನನ್ನು

ಮೊಬೈಲ್ ಅಪ್‌ಡೇಟ್ ಮೇಲ್ ಸಂಪರ್ಕವನ್ನು ಮುರಿದ ಸಂದರ್ಭಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಕ್ರಮ ಕಾಣುತ್ತದೆ. ಮೊದಲನೆಯದು ಹಳೆಯ ಆವೃತ್ತಿಗಳ ನಿವೃತ್ತಿ. 2014ರ ಅಕ್ಟೋಬರಿನಲ್ಲಿ ಪೂಡಲ್ ಎಂಬ ದೋಷ ಬಯಲಾದ ಮೇಲೆ ಎಸ್‌ಎಸ್‌ಎಲ್ 3.0ರ ಬಳಕೆ ನಿಲ್ಲಿಸಬೇಕಾಯಿತು. ಆಂಡ್ರಾಯ್ಡ್ 4.1ರಿಂದ 4.4ರವರೆಗಿನ ಫೋನುಗಳಲ್ಲಿ ಟಿಎಲ್‌ಎಸ್ 1.2 ಇದ್ದರೂ ತಾನಾಗಿ ಚಾಲೂ ಆಗುತ್ತಿರಲಿಲ್ಲ. ಅದೇ ವರ್ಷದ 5.0 ಅದನ್ನು ಚಾಲೂ ಮಾಡಿತು. 2021ರ ಮಾರ್ಚಿನಲ್ಲಿ ಟಿಎಲ್‌ಎಸ್ 1.0 ಮತ್ತು 1.1 ಅಧಿಕೃತವಾಗಿ ನಿವೃತ್ತವಾದವು. ಹೊಸ ಫೋನು ಹಳೆಯ ಸರ್ವರಿನೊಡನೆ, ಹಳೆಯ ಫೋನು ಹೊಸ ಸರ್ವರಿನೊಡನೆ ಮಾತಾಡಲಾಗದ ಸ್ಥಿತಿ ಹೀಗೆ ಬಂತು.

ಎರಡನೆಯದು ನಂಬಿಕೆಯ ಪಟ್ಟಿಯ ಬಿಗಿ. ಕೆಲವು ಸಂಸ್ಥೆಗಳು ತಮ್ಮ ಸರ್ವರಿಗೆ ತಾವೇ ಪ್ರಮಾಣಪತ್ರ ಬರೆದುಕೊಂಡು, ನೌಕರರ ಫೋನಿನಲ್ಲಿ ಅದನ್ನು ಕೈಯಾರೆ ಸೇರಿಸುತ್ತಿದ್ದವು. 2016ರ ಆಂಡ್ರಾಯ್ಡ್ 7.0 ಇಂತಹ ಕೈಯಾರೆ ಸೇರಿಸಿದ ಪ್ರಾಧಿಕಾರಗಳನ್ನು ಆ್ಯಪ್‌ಗಳು ತಾವಾಗಿ ನಂಬದಂತೆ ಮಾಡಿತು. 2019ರ ಐಓಎಸ್ 13 ಎರಡು ಸಾವಿರದ ನಲವತ್ತೆಂಟು ಬಿಟ್‌ಗಿಂತ ಸಣ್ಣ ಆರ್‌ಎಸ್‌ಎ ಕೀಲಿಯನ್ನೂ ಶಾ-1 ಸಹಿಯನ್ನೂ ತಿರಸ್ಕರಿಸಿತು. ಆ ವರ್ಷದ ಜುಲೈ 1ರ ಬಳಿಕ ಹೊರಟ ಪ್ರಮಾಣಪತ್ರದ ಅವಧಿ 825 ದಿನ ಮೀರಬಾರದೆಂದಿತು. ನಿನ್ನೆಯವರೆಗೆ ನಡೆದ ಸರ್ವರ್ ಅಪ್‌ಡೇಟಿನ ಮರುದಿನ ನಂಬಿಕೆಗೆ ಅನರ್ಹವೆನಿಸಿದ್ದು ಹೀಗೆ.

ಮೂರನೆಯದು ಅಪ್‌ಡೇಟ್ ಬಾರದ ಫೋನುಗಳ ಪಾಡು. 2015ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತ ಪ್ರಮಾಣಪತ್ರ ಕೊಡತೊಡಗಿತು. ಸಣ್ಣ ಸಂಸ್ಥೆಗಳ ಸರ್ವರುಗಳು ಅದರತ್ತ ಸರಿದವು. ಅದು ಆಸರೆಯಾಗಿ ಹಿಡಿದಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆಂಡ್ರಾಯ್ಡ್ 7.1.1ಕ್ಕಿಂತ ಹಿಂದಿನ ಫೋನುಗಳ ಪಟ್ಟಿಯಲ್ಲಿ ಹೊಸ ಮೂಲದ ಹೆಸರಿರಲಿಲ್ಲ. ವಿಶೇಷ ಏರ್ಪಾಡಿನಿಂದ ಅವುಗಳಿಗೆ ಮತ್ತೆ ಮೂರು ವರ್ಷ ಕಾಲಾವಕಾಶ ದೊರೆಯಿತು. 2024ರ ಸೆಪ್ಟೆಂಬರಿನಲ್ಲಿ ಅದೂ ಕೊನೆಗೊಂಡಿತು. ಕಡಿಮೆ ಬೆಲೆಯ ಎಷ್ಟೋ ಫೋನುಗಳಿಗೆ ತಯಾರಕರು ಅಪ್‌ಡೇಟ್ ಕೊಡುತ್ತಿದ್ದದ್ದು ಒಂದೆರಡು ವರ್ಷ ಮಾತ್ರ. ಫೋನನ್ನು ಕೆಡುವವರೆಗೂ ಬಳಸುವ ಗ್ರಾಮೀಣ ಸಂಸಾರಗಳ ಮೇಲೆ ಇದರ ಹೊರೆ ಹೆಚ್ಚು.

ನಾಲ್ಕನೆಯದು ಗುರುತು ಹೇಳುವ ರೀತಿಯ ಬದಲಾವಣೆ. ಗೂಗಲ್ 2022ರ ಮೇ 30ರಿಂದ ವೈಯಕ್ತಿಕ ಖಾತೆಗಳಲ್ಲಿ ಬರೀ ಪಾಸ್‌ವರ್ಡ್ ಕೇಳುವ ಹಳೆಯ ಆ್ಯಪ್‌ಗಳಿಗೆ ಪ್ರವೇಶ ನಿಲ್ಲಿಸಿತು. ಮೈಕ್ರೋಸಾಫ್ಟ್ ಸಂಸ್ಥೆಗಳ ಖಾತೆಗಳಿಗೆ 2022ರ ಅಕ್ಟೋಬರಿನಿಂದ, ವೈಯಕ್ತಿಕ ಔಟ್‌ಲುಕ್ ಖಾತೆಗಳಿಗೆ 2024ರ ಸೆಪ್ಟೆಂಬರಿನಿಂದ ಇದೇ ಕ್ರಮ ಕೈಗೊಂಡಿತು. ಪಾಸ್‌ವರ್ಡ್ ಸರಿಯಿದ್ದರೂ ತಪ್ಪೆಂಬ ಸಂದೇಶ ಬರುವುದಕ್ಕೆ ಇದೇ ಕಾರಣ.

ದುರಸ್ತಿಯ ಕ್ರಮ

ಈ ಇತಿಹಾಸ ತಿಳಿದರೆ ದುರಸ್ತಿಗೆ ಕ್ರಮವೊಂದು ತಾನಾಗಿ ಒದಗುತ್ತದೆ. ಮೊದಲು ದಾರಿಯನ್ನು ನೋಡಬೇಕು. ಬೇರೆ ಆ್ಯಪ್‌ಗಳು, ಬ್ರೌಸರ್ ತೆರೆಯುತ್ತವೆಯೇ? ಕೋಟೆ ತಾಲ್ಲೂಕಿನ ಡಿ.ಬಿ. ಕುಪ್ಪೆ, ಬಳ್ಳೆಯಂಥ ಕಾಡಂಚಿನ ಕಡೆ ಸಿಗ್ನಲ್ ದುರ್ಬಲವಾದಾಗ ಪರೀಕ್ಷೆಯ ಮಾತುಕತೆ ನಡುವೆಯೇ ಕಡಿದು ಭದ್ರತೆಯ ದೋಷದಂತೆ ತೋರುತ್ತದೆ. ಲಾಗಿನ್ ಕೇಳುವ ವೈಫೈಯಲ್ಲೂ ಹೀಗಾಗುತ್ತದೆ. ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ, ಸಿಗ್ನಲ್ ಚೆನ್ನಾಗಿರುವ ಕಡೆ ಮತ್ತೊಮ್ಮೆ ನೋಡಬೇಕು. ವಿಪಿಎನ್, ಪ್ರೈವೇಟ್ ಡಿಎನ್‌ಎಸ್ ಅಥವಾ ಮೇಲ್ ತಪಾಸಿಸುವ ಆ್ಯಂಟಿವೈರಸ್ ಇದ್ದರೆ ಸ್ವಲ್ಪ ಹೊತ್ತು ನಿಲ್ಲಿಸಿ ಪರೀಕ್ಷಿಸಬೇಕು.

ಎರಡನೆಯದು ತಾರೀಖು. ಬ್ಯಾಟರಿ ಪೂರ್ತಿ ಇಳಿದು ಗಡಿಯಾರ ಹಿಂದಕ್ಕೆ ಹೋಗಿದ್ದರೆ ಎಲ್ಲ ಪ್ರಮಾಣಪತ್ರಗಳೂ ಅವಧಿಗೆ ಹೊರಗಿನವಾಗಿ ಕಾಣುತ್ತವೆ. ದಿನಾಂಕ, ಸಮಯ, ವಲಯ ಮೂರನ್ನೂ ತಾನಾಗಿ ಹೊಂದಿಕೊಳ್ಳುವಂತೆ ಇಟ್ಟರೆ ಸಾಕು. ಮೂರನೆಯದು ಸಂದೇಶವನ್ನು ಓದುವುದು. ಅವಧಿ ಮುಗಿದಿದೆ ಎಂದರೆ ನವೀಕರಣ ಸರ್ವರಿನವರ ಹೊಣೆ. ಹೆಸರು ಹೊಂದುವುದಿಲ್ಲ ಎಂದರೆ ಫೋನಿನಲ್ಲಿ ಬರೆದಿರುವ ಸರ್ವರಿನ ಹೆಸರನ್ನು ಮೇಲ್ ಒದಗಿಸುವವರು ಕೊಟ್ಟ ಹೆಸರಿನೊಡನೆ ಹೋಲಿಸಬೇಕು. ನಂಬಲರ್ಹವಲ್ಲ ಎಂದರೆ ಸರಪಳಿಯ ಯಾವುದೋ ಕೊಂಡಿ ಇಲ್ಲ, ಇಲ್ಲವೇ ಅದರ ಮೂಲ ಫೋನಿನ ಪಟ್ಟಿಯಲ್ಲಿಲ್ಲ ಎಂದರ್ಥ. ಕಂಪ್ಯೂಟರಿನಲ್ಲಿ ತೆರೆಯುವ ಮೇಲ್ ಫೋನಿನಲ್ಲಿ ತೆರೆಯದಿದ್ದರೆ ಸರ್ವರ್ ಮಧ್ಯಂತರ ಪ್ರಮಾಣಪತ್ರವನ್ನು ಕಳಿಸುತ್ತಿಲ್ಲವೆಂಬ ಅನುಮಾನ ಬಲವಾಗುತ್ತದೆ. ಕಂಪ್ಯೂಟರಿನ ಬ್ರೌಸರ್ ಅದನ್ನು ಬೇರೆಡೆಯಿಂದ ತಂದುಕೊಳ್ಳಬಲ್ಲದು, ಎಷ್ಟೋ ಫೋನುಗಳು ತಂದುಕೊಳ್ಳವು.

ನಾಲ್ಕನೆಯದು ಬಾಗಿಲಿನ ಸಂಖ್ಯೆ, ಅಂದರೆ ಪೋರ್ಟ್. ಮೇಲ್ ಪಡೆಯುವ ಎರಡು ವಿಧಾನಗಳ ಪೈಕಿ ಭದ್ರ ಐಮ್ಯಾಪ್‌ಗೆ 993, ಭದ್ರ ಪಾಪ್‌ಗೆ 995. ಕಳಿಸುವುದಕ್ಕೆ 465 ಅಥವಾ 587. ಮೊದಲ ಮೂರರಲ್ಲಿ ಸಂಪರ್ಕ ಆರಂಭದಿಂದಲೇ ಮುಸುಕಿನಲ್ಲಿರುತ್ತದೆ. 587ರಲ್ಲಿ ತೆರೆದು ಶುರುವಾಗಿ ಸ್ಟಾರ್ಟ್‌ಟಿಎಲ್‌ಎಸ್ ಆಜ್ಞೆಯಿಂದ ಮುಸುಕು ಹಾಕಿಕೊಳ್ಳುತ್ತದೆ. 465 ಒಂದು ಕಾಲಕ್ಕೆ ಪಟ್ಟಿಯಿಂದ ಹೊರಬಿದ್ದು 2018ರಲ್ಲಿ ಮತ್ತೆ ಮಾನ್ಯವಾದದ್ದರಿಂದ ಹಳೆಯ ಕೈಪಿಡಿಗಳ ಸಲಹೆ ಈಗಿನದಕ್ಕೆ ಹೊಂದದಿರಬಹುದು. ಪಡೆಯುವ, ಕಳಿಸುವ ಸರ್ವರುಗಳ ಹೊಂದಿಕೆ ಬೇರೆ ಬೇರೆಯಾದ್ದರಿಂದ ಮೇಲ್ ಬರುತ್ತದೆ, ಹೋಗುವುದಿಲ್ಲ ಎಂಬ ದೂರಿಗೆ ಕಳಿಸುವ ಭಾಗವನ್ನಷ್ಟೇ ನೋಡಿದರೆ ಸಾಲುತ್ತದೆ.

ಐದನೆಯದು ಗುರುತು. ಮೇಲ್ ಆ್ಯಪನ್ನು ಹೊಸ ಆವೃತ್ತಿಗೆ ತಂದು, ಒದಗಿಸುವವರ ಲಾಗಿನ್ ಪುಟದ ಮೂಲಕವೇ ಖಾತೆ ಸೇರಿಸಬೇಕು. ಆ್ಯಪ್ ಹಳೆಯದೇ ಆಗಬೇಕಿದ್ದರೆ ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಚಾಲೂ ಮಾಡಿ 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆಯಬಹುದು. ಕೊನೆಯ ಹೆಜ್ಜೆ ಖಾತೆಯನ್ನು ತೆಗೆದು ಮತ್ತೆ ಸೇರಿಸುವುದು. ಐಮ್ಯಾಪ್ ಖಾತೆಯ ಮೇಲ್ ಸರ್ವರಿನಲ್ಲಿ ಉಳಿದಿರುತ್ತದೆ. ಪಾಪ್ ಖಾತೆಯಲ್ಲಿ ಫೋನಿನ ಪ್ರತಿಯೇ ಏಕೈಕ ಪ್ರತಿಯಾಗಿರಬಹುದಾದ್ದರಿಂದ ಮೊದಲು ಅದನ್ನು ಬೇರೆಡೆ ಉಳಿಸಿಕೊಳ್ಳಬೇಕು.

ಮಾಡಬಾರದ ಹೆಜ್ಜೆಯೂ ಒಂದಿದೆ. ಹಳೆಯ ಆಂಡ್ರಾಯ್ಡ್ ಇಮೇಲ್ ಆ್ಯಪಿನಲ್ಲಿ ಎಲ್ಲ ಪ್ರಮಾಣಪತ್ರಗಳನ್ನೂ ಒಪ್ಪಿಕೊಳ್ಳುವ ಆಯ್ಕೆಯಿತ್ತು. ಅದನ್ನು ಒತ್ತಿದರೆ ಮೇಲ್ ತಕ್ಷಣ ಬರುತ್ತಿತ್ತು, ತೊಂದರೆ ನೀಗಿತೆಂದು ಕಾಣುತ್ತಿತ್ತು. ನಡುವೆ ನಿಂತ ಯಾರು ಬೇಕಾದರೂ ಖೋಟಾ ಪ್ರಮಾಣಪತ್ರ ತೋರಿಸಿ ಪಾಸ್‌ವರ್ಡ್ ಪಡೆಯಲು ಅದು ಬಾಗಿಲು ತೆರೆದಂತೆ. ಭದ್ರತೆಯ ಪ್ರಕಾರವನ್ನು ಯಾವುದೂ ಬೇಡ ಎಂದು ಬದಲಿಸುವುದೂ ಅಷ್ಟೇ ಅಪಾಯಕಾರಿ. ಒಡೆದ ಅರಗಿನ ಚೀಲವನ್ನು ಸಹಿ ಹಾಕಿ ಪಡೆಯುವ ನೌಕರ ಅಂಚೆಯಲ್ಲಿ ಕರ್ತವ್ಯಲೋಪ ಮಾಡಿದಂತಾಗುತ್ತಿತ್ತು. ಇಲ್ಲಿ ಆ ಲೋಪದ ಫಲ ಖಾತೆದಾರನಿಗೇ ತಟ್ಟುತ್ತದೆ.

ಅಪ್‌ಡೇಟ್ ಬೇಡವೆನ್ನಬಹುದೇ?

ಅಪ್‌ಡೇಟಿನಿಂದ ಮೇಲ್ ನಿಂತರೆ ಅಪ್‌ಡೇಟ್ ಮಾಡದಿರುವುದೇ ಲೇಸು ಎಂಬ ತೀರ್ಮಾನಕ್ಕೆ ಬರುವವರಿದ್ದಾರೆ. ಟಿಬೆಟನ್ ಸಮುದಾಯದ ಅನುಭವ ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತದೆ. 2009ರ ಮಾರ್ಚಿನಲ್ಲಿ ಕೆನಡಾದ ಸಂಶೋಧಕರು ಬಯಲಿಗೆಳೆದ ಘೋಸ್ಟ್‌ನೆಟ್ ಬೇಹುಜಾಲ 103 ದೇಶಗಳ 1,295 ಕಂಪ್ಯೂಟರುಗಳನ್ನು ಹೊಕ್ಕಿತ್ತು. ದಲೈ ಲಾಮಾ ಅವರ ಕಚೇರಿಯ ಕಂಪ್ಯೂಟರುಗಳೂ ಅದರಲ್ಲಿದ್ದವು. 2013ರ ಮಾರ್ಚಿನಲ್ಲಿ ಟಿಬೆಟನ್ ಕಾರ್ಯಕರ್ತರೊಬ್ಬರ ಮೇಲ್ ಖಾತೆಯನ್ನು ವಶಪಡಿಸಿಕೊಂಡು, ಅಲ್ಲಿಂದ ಪರಿಚಿತರಿಗೆ ಆಂಡ್ರಾಯ್ಡ್ ಫೋನಿನ ಕುತಂತ್ರಾಂಶವನ್ನು ಲಗತ್ತಾಗಿ ಕಳಿಸಿದ್ದು ಪತ್ತೆಯಾಯಿತು. ಲಗತ್ತುಗಳನ್ನು ತೆರೆಯದಿರಿ ಎಂಬ ಪ್ರಚಾರವನ್ನು ಟಿಬೆಟ್ ಆ್ಯಕ್ಷನ್ ಇನ್‌ಸ್ಟಿಟ್ಯೂಟ್ ನಡೆಸಿತು. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಟಿಬೆಟನ್ ಮುಖಂಡರ ಮೊಬೈಲುಗಳಿಗೆ ಗುರಿಯಿಟ್ಟ ದಾಳಿಗಳು ಆಗಲೇ ತಿಳಿದಿದ್ದ ಹಳೆಯ ದೋಷಗಳನ್ನು ಬಳಸಿದ್ದವು. ಅಪ್‌ಡೇಟ್ ಆದ ಫೋನಿನಲ್ಲಿ ಆ ದೋಷಗಳಿಗೆ ತೇಪೆ ಬಿದ್ದಿತ್ತು. ಬೈಲುಕುಪ್ಪೆ, ಗುರುಪುರಗಳಂಥ ವಸತಿಗಳ ಜನರಿಗೆ ಇದು ದೂರದ ಸುದ್ದಿಯಲ್ಲ. ದೇಶ ದೇಶಗಳ ಬಂಧುಗಳೊಡನೆ ಅವರ ನಂಟು ಉಳಿದಿರುವುದೇ ಈ ಫೋನುಗಳ ಮೇಲೆ.

ಮುಂದಿನ ವರ್ಷಗಳಲ್ಲಿ ಪರೀಕ್ಷೆ ಇನ್ನಷ್ಟು ಬಿಗಿಯಾಗಲಿದೆ. ಪ್ರಾಧಿಕಾರಗಳೂ ಬ್ರೌಸರ್ ತಯಾರಕರೂ ಸೇರಿದ ಒಕ್ಕೂಟ 2025ರ ಏಪ್ರಿಲಿನಲ್ಲಿ ಒಪ್ಪಿಕೊಂಡಂತೆ ಸಾರ್ವಜನಿಕ ಪ್ರಮಾಣಪತ್ರದ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2029ರ ಮಾರ್ಚ್ 15ರಿಂದ 47 ದಿನ. ವರ್ಷಕ್ಕೊಮ್ಮೆ ನೆನಪಿಸಿಕೊಂಡು ಕೈಯಾರೆ ನವೀಕರಿಸುವ ಪದ್ಧತಿ ಇನ್ನು ನಡೆಯದು. ಸ್ವಂತ ಹೆಸರಿನ ಮೇಲ್ ಇಟ್ಟುಕೊಂಡ ಸಹಕಾರ ಸಂಘ, ಶಾಲೆ, ವಿಹಾರ, ಆಸ್ಪತ್ರೆಗಳು ತಾನಾಗಿ ನವೀಕರಣವಾಗುವ ಏರ್ಪಾಡಿಗೆ ಸರಿಯಬೇಕು, ಇಲ್ಲವೇ ಅದನ್ನು ನಿರ್ವಹಿಸಬಲ್ಲವರಿಗೆ ವಹಿಸಬೇಕು. ಫೋನು ಬಳಸುವವರು ಗಡಿಯಾರ, ಆ್ಯಪ್, ಅಪ್‌ಡೇಟ್ ಮೂರನ್ನೂ ಹೊಸದಾಗಿ ಇಟ್ಟುಕೊಂಡು, ಎಚ್ಚರಿಕೆಯ ಸಂದೇಶ ಬಂದಾಗ ಅದನ್ನು ಓದಿ ಕಾರಣ ಹುಡುಕಬೇಕು. ಕಳಿಸುವ ಕಡೆ, ಪಡೆಯುವ ಕಡೆ ಎರಡೂ ಒಂದೇ ನಿಯಮಕ್ಕೆ ಬಂದಾಗ ಮಾತ್ರ ಕಾಗದ ಭದ್ರವಾಗಿ ಸಾಗುತ್ತದೆ. 1889ರಲ್ಲಿ ಎರಡು ಅಂಚೆಗಳನ್ನು ಒಂದು ಮಾಡುವಾಗ ಇದ್ದ ಈ ಅಗತ್ಯ ಇಂದು ಪ್ರತಿ ಅಪ್‌ಡೇಟಿನ ಹಿಂದೆಯೂ ಇದೆ.